ಸೆಪ್ಟೆಂಬರ್ 28ರ ಫೆನ್‌ವೇ

ಬಾಸ್ಟನ್ನಿನ ಲೋಗನ್ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಹಿಡಿದು ಊರೊಳಗೆ ಹೊರಟರೆ ಸ್ವಲ್ಪ ಹೊತ್ತಿಗೆಲ್ಲ ಸಮುದ್ರದಡಿಯ ಸುರಂಗಕ್ಕೆ ಇಳಿಯುತ್ತೀರಿ. ಅದರ ಹೆಸರು ಟೆಡ್ ವಿಲಿಯಮ್ಸ್ ಟನಲ್. 2011ರ ಜುಲೈನಲ್ಲಿ ಮೊದಲ ಸಲ ಅದನ್ನು ದಾಟಿದಾಗ ಯಾರೋ ಹಳೆಯ ಮೇಯರ್ ಇರಬೇಕು ಅಂದುಕೊಂಡೆ. ನಮ್ಮಲ್ಲಿ ಫ್ಲೈಓವರ್‌ಗೆ ಇಡುವುದು ಅಂಥವರ ಹೆಸರನ್ನೇ ತಾನೆ. ಆತ ಬೇಸ್‌ಬಾಲ್ ಆಡುತ್ತಿದ್ದವನು ಎಂದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಗೊತ್ತಾದ ರಾತ್ರಿ ಸೆಪ್ಟೆಂಬರ್ 28.

ನನಗಾಗ ಇಪ್ಪತ್ನಾಲ್ಕು. ಪುಣೆಯ ಹಿಂಜವಡಿಯಲ್ಲಿ ಎರಡು ವರ್ಷ ಕೆಲಸ ಮಾಡಿ ಮೊದಲ ಆನ್‌ಸೈಟ್ ಸಿಕ್ಕಿತ್ತು. ನಿಮ್ಮಲ್ಲಿ ಅನೇಕರು ಈ ಅನುಭವ ಉಂಡವರೇ. ಸೂಟ್‌ಕೇಸಿನಲ್ಲಿ ಎಂಟಿಆರ್ ಪೊಟ್ಟಣ, ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ, ಹೋಟೆಲ್ ರೂಮಿನ ಮೈಕ್ರೋವೇವಿನಲ್ಲಿ ಅನ್ನ ಮಾಡುವ ಸಾಹಸ. ಕ್ಲೈಂಟ್ ಒಂದು ವಿಮಾ ಕಂಪನಿ. ಪ್ರೀಮಿಯಂ ಲೆಕ್ಕದ ಹಳೆಯ ಸಿಸ್ಟಂ ತೆಗೆದು ಹೊಸದು ಕೂರಿಸುವ ಪ್ರಾಜೆಕ್ಟ್. ಸೆಪ್ಟೆಂಬರ್ ಕೊನೆಯ ವಾರಾಂತ್ಯ ಗೋ-ಲೈವ್. ತ್ರೈಮಾಸಿಕ ಮುಗಿಯುವುದರೊಳಗೆ ಆಗಲೇಬೇಕು, ಬಿಲ್ಲಿಂಗ್ ಇತ್ತು.

ಗೋ-ಲೈವ್‌ಗೆ ಹೋಗಬೇಕಾದರೆ ಟೆಸ್ಟ್ ಕೇಸುಗಳಲ್ಲಿ ಶೇಕಡಾ 95 ಪಾಸಾಗಿರಬೇಕು ಎಂದು ಒಪ್ಪಂದದ ದಾಖಲೆಯಲ್ಲಿ ಬರೆದಿತ್ತು. ಮಂಗಳವಾರ 27ನೇ ತಾರೀಕು ಸಂಜೆಗೆ ನಮ್ಮದು 94.6. ಪುಣೆಯಲ್ಲಿ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದವನು ಕಲಬುರಗಿ ಕಡೆಯ ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ಕಾಲ್‌ನಲ್ಲಿ ಹೇಳಿದ: "ಸರ್, ಇನ್ನೆರಡು ಕೇಸು ಪಾಸಾದ್ರ 95 ದಾಟತದ್ರೀ. ಎರಡು ದಿವ್ಸ ಕೊಡ್ರಿ, ಮಾಡಿ ಕೊಡ್ತೀನಿ." ಎರಡು ದಿನ ಇರಲಿಲ್ಲ. ಮ್ಯಾನೇಜರ್ ಅಂದರು, ದಾಖಲೆಯಲ್ಲಿ ದಶಾಂಶದ ಮಾತೇ ಇಲ್ಲವಲ್ಲ, 94.6 ಅಂದರೆ 95 ತಾನೆ, ಶಾಲೆಯಲ್ಲಿ ಕಲಿತಿಲ್ಲವಾ. ತರ್ಕದಲ್ಲಿ ತಪ್ಪಿಲ್ಲ. ವರದಿಯಲ್ಲಿ 95 ಎಂದು ಟೈಪ್ ಮಾಡಿ ಕಳಿಸಿದವನು ನಾನು. ಅವತ್ತು ಮಹಾಲಯ ಅಮಾವಾಸ್ಯೆ. ಅಮ್ಮ ಫೋನಿನಲ್ಲಿ, ಇವತ್ತು ಹೊಸದೇನೂ ಶುರು ಮಾಡಬೇಡ ಕಣೋ ಅಂದಿದ್ದಳು. ಹೊಸದೇನೂ ಶುರು ಮಾಡಲಿಲ್ಲ, ಇದ್ದದ್ದನ್ನೇ ಮುಗಿಸಿದೆ.

ಮರುದಿನ ವರದಿ ತಲುಪಿದ್ದು ಕ್ಲೈಂಟ್ ಕಡೆಯ ಹಿರಿಯ ಟೆಸ್ಟರ್ ಒಬ್ಬರಿಗೆ. ಅರವತ್ತರ ಹತ್ತಿರದ ಬಿಳಿಗಡ್ಡದ ಮನುಷ್ಯ. ನನ್ನ ಟೇಬಲ್ ಹತ್ತಿರ ಬಂದು, ಸರಿಯಾಗಿ ತೊಂಬತ್ತೈದಾ ಎಂದು ಕೇಳಿದರು. ಹೌದು ಅಂದೆ. ಸರಿ ಎಂದು ತಲೆಯಾಡಿಸಿ, ಸಂಜೆ ಏನು ಕೆಲಸ ಅಂತ ಕೇಳಿದರು. ಕೆಲಸ ಇರಲಿಲ್ಲ. ಹಾಗಾದರೆ ಬಾ, ಇವತ್ತು ಸೀಸನ್ನಿನ ಕೊನೆಯ ದಿನ, ಈ ಊರಿನಲ್ಲಿದ್ದುಕೊಂಡು ಇದನ್ನು ನೋಡದೇ ಹೋಗಬಾರದು ಎಂದು ಕರೆದುಕೊಂಡು ಹೋದರು.

ಹೋಗಿದ್ದು ಫೆನ್‌ವೇ ಪಾರ್ಕಿನ ಬೆನ್ನಿಗಿರುವ ಲ್ಯಾನ್ಸ್‌ಡೌನ್ ಬೀದಿಯ ಒಂದು ಬಾರಿಗೆ. ಫೆನ್‌ವೇ ಅಂದರೆ ಬಾಸ್ಟನ್ ರೆಡ್ ಸಾಕ್ಸ್ ತಂಡದ ಅಂಗಳ. 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿ ಐದು ದಿನಕ್ಕೆ, ಅಲ್ಲಿ ಮೊದಲ ಅಧಿಕೃತ ಪಂದ್ಯ ನಡೆಯಿತು. ಅಮೆರಿಕದ ದೊಡ್ಡ ಲೀಗ್‌ಗಳ ಅಂಗಳಗಳಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಅತಿ ಹಳೆಯದು ಅದೇ. ಅವತ್ತು ಪಂದ್ಯ ಮಾತ್ರ ಅಲ್ಲಿರಲಿಲ್ಲ, ಬಾಲ್ಟಿಮೋರ್‌ನಲ್ಲಿತ್ತು. ಬಾರಿನ ಒಂದು ಟೀವಿಯಲ್ಲಿ ಅದು, ಪಕ್ಕದ ಟೀವಿಯಲ್ಲಿ ಫ್ಲಾರಿಡಾದಲ್ಲಿ ಟ್ಯಾಂಪಾ ಬೇ ರೇಸ್ ತಂಡ ಯಾಂಕೀಸ್ ವಿರುದ್ಧ ಆಡುತ್ತಿದ್ದ ಪಂದ್ಯ. ಲೆಕ್ಕ ಸರಳ. ಸೆಪ್ಟೆಂಬರ್ ಆರಂಭದಲ್ಲಿ ಬಾಸ್ಟನ್, ಟ್ಯಾಂಪಾಗಿಂತ ಒಂಬತ್ತು ಪಂದ್ಯ ಮುಂದಿತ್ತು. ತಿಂಗಳು ಪೂರ್ತಿ ಸೋತು ಸೋತು ಕೊನೆಯ ದಿನಕ್ಕೆ ಎರಡೂ ಸಮಸಮ. ಇವತ್ತು ಬಾಸ್ಟನ್ ಗೆದ್ದು ಟ್ಯಾಂಪಾ ಸೋತರೆ ಬಾಸ್ಟನ್ ಮುಂದಿನ ಸುತ್ತಿಗೆ. ಇಬ್ಬರದೂ ಒಂದೇ ಫಲಿತಾಂಶವಾದರೆ ನಾಳೆ ಇನ್ನೊಂದು ಪಂದ್ಯ.

ಏಳನೇ ಇನ್ನಿಂಗ್ಸಿನ ಹೊತ್ತಿಗೆ ಬಾಸ್ಟನ್ 3–2ರಿಂದ ಮುಂದೆ. ಆ ಕಡೆ ಯಾಂಕೀಸ್ 7–0. ಬಾರಿನಲ್ಲಿ ಎಲ್ಲರ ಮುಖದಲ್ಲೂ ನಗು. ಅಷ್ಟರಲ್ಲಿ ಬಾಲ್ಟಿಮೋರ್‌ನಲ್ಲಿ ಮಳೆ ಬಂದು ಅಂಗಳಕ್ಕೆ ಟಾರ್ಪಾಲು ಹೊದಿಸಿದರು. ಹತ್ತಿರ ಹತ್ತಿರ ಒಂದೂವರೆ ಗಂಟೆ ಆಟ ನಿಂತಿತು. ಆ ಒಂದೂವರೆ ಗಂಟೆಯಲ್ಲಿ ನನ್ನ ಹಿರಿಯರು, ಇವತ್ತು ಯಾವ ತಾರೀಕು ಗೊತ್ತಾ ಎಂದು ಶುರು ಮಾಡಿದರು.

1941ರ ಸೆಪ್ಟೆಂಬರ್ 28, ಭಾನುವಾರ. ಟೆಡ್ ವಿಲಿಯಮ್ಸ್‌ಗೆ ಇಪ್ಪತ್ಮೂರು ವರ್ಷ.

ಬೇಸ್‌ಬಾಲಿನ ಬ್ಯಾಟಿಂಗ್ ಆವರೇಜ್ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ನಮ್ಮ ಕ್ರಿಕೆಟ್ಟಿನದಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ಯಾಟ್ ಹಿಡಿದು ನಿಂತ ಸರದಿಗಳಲ್ಲಿ ಎಷ್ಟು ಸಲ ಸ್ವಂತ ಹೊಡೆತದಿಂದ ಸುರಕ್ಷಿತವಾಗಿ ಬೇಸ್ ತಲುಪಿದೆ ಎಂಬುದರ ಅನುಪಾತ. ಹತ್ತರಲ್ಲಿ ಮೂರು ಸಲ ತಲುಪಿದರೆ, ಅಂದರೆ .300 ಇದ್ದರೆ, ನೀನು ಒಳ್ಳೆಯ ಬ್ಯಾಟರ್. ಏಳು ಸಲ ಸೋಲುವವನನ್ನು ಹೊತ್ತು ಮೆರೆಸುವ ಆಟ ಅದು. ಹತ್ತರಲ್ಲಿ ನಾಲ್ಕು, ಅಂದರೆ .400, ಇಡೀ ಸೀಸನ್ ಉಳಿಸಿಕೊಳ್ಳುವುದು ಬಹಳ ಅಪರೂಪ. ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳಲ್ಲಿ 1930ರಲ್ಲಿ ಬಿಲ್ ಟೆರಿ ಮಾಡಿದ್ದ. 1941ರಲ್ಲಿ ವಿಲಿಯಮ್ಸ್. ಆಮೇಲೆ ಇಲ್ಲಿಯವರೆಗೆ ಆ ಲೀಗ್‌ಗಳಲ್ಲಿ ಯಾರೂ ಇಲ್ಲ. 1994ರಲ್ಲಿ ಟೋನಿ ಗ್ವಿನ್ .394ರವರೆಗೆ ಬಂದಿದ್ದ, ಆಟಗಾರರ ಮುಷ್ಕರದಿಂದ ಸೀಸನ್ನೇ ಅರ್ಧಕ್ಕೆ ನಿಂತಿತು. (ಕರಿಯರನ್ನು ಈ ಎರಡು ಲೀಗ್‌ಗಳು 1947ರವರೆಗೆ ಒಳಗೇ ಬಿಟ್ಟುಕೊಳ್ಳಲಿಲ್ಲ. ಅವರ ನೀಗ್ರೋ ಲೀಗ್‌ಗಳಲ್ಲಿ ಜಾಶ್ ಗಿಬ್ಸನ್ 1943ರಲ್ಲಿ .400 ದಾಟಿದ್ದು ಅಧಿಕೃತ ಪುಸ್ತಕಕ್ಕೆ ಏರಿದ್ದು 2024ರಲ್ಲಿ. 1966ರಲ್ಲಿ ಹಾಲ್ ಆಫ್ ಫೇಮ್ ಸೇರುವಾಗಿನ ಭಾಷಣದಲ್ಲಿ ಗಿಬ್ಸನ್ ಮತ್ತು ಸ್ಯಾಚೆಲ್ ಪೇಜ್ ಹೆಸರು ಹೇಳಿ, ಅಂಥವರಿಗೂ ಇಲ್ಲಿ ಜಾಗ ಸಿಗಬೇಕು ಎಂದವನೂ ಇದೇ ವಿಲಿಯಮ್ಸ್.)

ಸೀಸನ್ನಿನ ಕೊನೆಯ ದಿನ ಫಿಲಡೆಲ್ಫಿಯಾದಲ್ಲಿ ಎರಡು ಪಂದ್ಯ ಬಾಕಿ. ಹಿಂದಿನ ದಿನ ನಾಲ್ಕರಲ್ಲಿ ಒಂದೇ ಹಿಟ್ ಸಿಕ್ಕಿ ವಿಲಿಯಮ್ಸ್‌ನ ಆವರೇಜ್ 448 ಸರದಿಗೆ 179 ಹಿಟ್ ಆಗಿತ್ತು. ಭಾಗಿಸಿದರೆ .39955. ಬೇಸ್‌ಬಾಲಿನವರು ಮೂರು ದಶಾಂಶಕ್ಕೆ ನಿಲ್ಲಿಸುತ್ತಾರೆ. ಹಾಗೆ ಬರೆದರೆ .400.

ಮ್ಯಾನೇಜರ್ ಜೋ ಕ್ರೋನಿನ್ ಹೇಳಿದ, ಬೇಕಿದ್ದರೆ ನಾಳೆ ಕೂತುಕೋ. ತಂಡಕ್ಕೆ ಆ ಎರಡು ಪಂದ್ಯಗಳಿಂದ ಆಗಬೇಕಾದ್ದೇನೂ ಇರಲಿಲ್ಲ. ಯಾಂಕೀಸ್ ಆಗಲೇ ಲೀಗ್ ಗೆದ್ದು ಕೂತಿತ್ತು. ಕೂತಿದ್ದರೆ ದಾಖಲೆ ಪುಸ್ತಕದಲ್ಲಿ .400 ಎಂದೇ ಅಚ್ಚಾಗುತ್ತಿತ್ತು. ಮೋಸವೂ ಅಲ್ಲ, ನಿಯಮವೇ ಹಾಗೆ. ವಿಲಿಯಮ್ಸ್ ಆಡುತ್ತೇನೆ ಅಂದ. ಆ ರಾತ್ರಿ ತಂಡದ ಸಾಮಾನು ನೋಡಿಕೊಳ್ಳುವ ಜಾನಿ ಒರ್ಲಾಂಡೊ ಜೊತೆ ಫಿಲಡೆಲ್ಫಿಯಾದ ಬೀದಿಗಳಲ್ಲಿ ಮೈಲಿಗಟ್ಟಲೆ ನಡೆದ. ಒರ್ಲಾಂಡೊ ದಾರಿಯಲ್ಲಿ ಅಲ್ಲಲ್ಲಿ ಬಾರಿಗೆ ನುಗ್ಗಿ ಗಂಟಲು ಒದ್ದೆ ಮಾಡಿಕೊಂಡು ಬರುತ್ತಿದ್ದನಂತೆ.

ಬೆಳಿಗ್ಗೆ ಶೈಬ್ ಪಾರ್ಕ್. ಮೊದಲ ಸರದಿಗೆ ಬಂದಾಗ ಕ್ಯಾಚರ್ ಹೇಳಿದ್ದನ್ನು ವಿಲಿಯಮ್ಸ್ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಎದುರಾಳಿ ತಂಡದ ಮುದಿ ಮ್ಯಾನೇಜರ್ ಕಾನಿ ಮ್ಯಾಕ್ ತನ್ನ ಹುಡುಗರಿಗೆ ತಾಕೀತು ಮಾಡಿದ್ದನಂತೆ: ಇವನಿಗೆ ಯಾರಾದರೂ ಸಡಿಲ ಬಿಟ್ಟರೆ ನಿಮ್ಮನ್ನು ಈ ಆಟದಿಂದಲೇ ಓಡಿಸುತ್ತೇನೆ. ಮೊದಲ ಪಂದ್ಯದಲ್ಲಿ ಐದಕ್ಕೆ ನಾಲ್ಕು ಹಿಟ್, ಅದರಲ್ಲೊಂದು ಹೋಮ್ ರನ್. ಆಗಲೂ ಎರಡನೆಯದಕ್ಕೆ ಕೂರಬಹುದಿತ್ತು. ಕೂರಲಿಲ್ಲ, ಮೂರಕ್ಕೆ ಎರಡು. ಎಂಟಕ್ಕೆ ಆರು. 456ಕ್ಕೆ 185.

ಇಲ್ಲಿ ನಾನು ಬಾಯಿ ಹಾಕಿದೆ. 1999ರ ಫೆಬ್ರುವರಿ 7, ದೆಹಲಿಯ ಕೋಟ್ಲಾ, ಪಾಕಿಸ್ತಾನದ ಒಂಬತ್ತು ವಿಕೆಟ್ ಕುಂಬ್ಳೆ ಬುಟ್ಟಿಯಲ್ಲಿ. ಇನ್ನೊಂದು ತುದಿಯಿಂದ ಶ್ರೀನಾಥ್ ಬೇಕೆಂದೇ ಆಫ್ ಸ್ಟಂಪಿನಿಂದ ದೂರ ದೂರ ಹಾಕಿದ್ದು, ಹತ್ತನೆಯದೂ ಕುಂಬ್ಳೆಗೇ ಸಿಗಲಿ ಅಂತ. ಸಿಕ್ಕಿತು, ವಾಸಿಂ ಅಕ್ರಂ. ನಮ್ಮೂರಿನಲ್ಲಿ ಪಟಾಕಿ ಹೊಡೆದಿದ್ದೆವು. ಇದನ್ನೆಲ್ಲ ನನ್ನ ಹರುಕು ಇಂಗ್ಲಿಷಿನಲ್ಲಿ ವಿವರಿಸಿದೆ. ಹಿರಿಯರು ಗಂಭೀರವಾಗಿ ಕೇಳಿ, ಅದು ಗೆಳೆತನ, ಒಳ್ಳೆಯದೇ, ಆದರೆ ಕಾನಿ ಮ್ಯಾಕ್ ಒಪ್ಪುತ್ತಿರಲಿಲ್ಲ ಅಂದರು. ನನಗೆ ಸ್ವಲ್ಪ ಸಿಟ್ಟು ಬಂತು. ಈಗ ಯೋಚಿಸಿದರೆ ನಾನೂ ಶ್ರೀನಾಥ್ ಪಕ್ಷವೇ. ಒಂಬತ್ತು ಕುಂಬ್ಳೆ ತಾನೇ ತೆಗೆದಿದ್ದ, ಹತ್ತನೆಯದನ್ನೂ ತಾನೇ ಎಸೆದು ತೆಗೆದ. ಶ್ರೀನಾಥ್ ಬಿಟ್ಟುಕೊಟ್ಟದ್ದು ತನ್ನದನ್ನು. ಬೇರೆಯವರದನ್ನಲ್ಲ.

ಆಮೇಲೆ ಅವರು 1960ಕ್ಕೆ ಬಂದರು. ಅದೇ ಸೆಪ್ಟೆಂಬರ್ 28, ಈ ಸಲ ಬುಧವಾರ. ವಿಲಿಯಮ್ಸ್‌ಗೆ ನಲವತ್ತೆರಡು. ನಡುವೆ ಎರಡನೇ ಮಹಾಯುದ್ಧ ಮತ್ತು ಕೊರಿಯಾ ಯುದ್ಧದಲ್ಲಿ ವಿಮಾನದ ಪೈಲಟ್ ಆಗಿ ಐದು ವರ್ಷದ ಹತ್ತಿರ ಆಟ ಕಳೆದುಕೊಂಡಿದ್ದ. ಇದೇ ಫೆನ್‌ವೇಯಲ್ಲಿ ಅವನ ಕೊನೆಯ ಪಂದ್ಯ. ಮೋಡ ಮುಸುಕಿದ ಚಳಿಯ ದಿನ, ಬಂದವರು 10,454 ಜನ. "ಆದರೆ ನನ್ನ ವಯಸ್ಸಿನ ಯಾವ ಬಾಸ್ಟನ್ನಿನವನನ್ನು ಕೇಳಿದರೂ ನಾನಲ್ಲಿದ್ದೆ ಅಂತಾನೆ" ಎಂದು ನಕ್ಕರು. ನೀವಿದ್ದಿರಾ ಎಂದು ಕೇಳಿದೆ. "ಇಲ್ಲ, ಸ್ಕೂಲಿತ್ತು."

ಎಂಟನೇ ಇನ್ನಿಂಗ್ಸಿನಲ್ಲಿ ಬಾಲ್ಟಿಮೋರ್‌ನ ಜ್ಯಾಕ್ ಫಿಶರ್ ಎಸೆದದ್ದನ್ನು ವಿಲಿಯಮ್ಸ್ ಹೋಮ್ ರನ್ ಹೊಡೆದ, ಜೀವನದ 521ನೆಯದು. ಅದೇ ಅವನ ಕೊನೆಯ ಸರದಿ. ತಲೆ ತಗ್ಗಿಸಿ ಬೇಗಬೇಗ ಬೇಸ್‌ಗಳನ್ನು ಸುತ್ತಿ ಒಳಗೆ ಹೋದ. ಜನ ಎದ್ದು ನಿಂತು ಕೂಗಿದರು, ಒಮ್ಮೆ ಹೊರಗೆ ಬಂದು ಟೋಪಿ ಎತ್ತು ಅಂತ. ಬರಲಿಲ್ಲ. ಒಂಬತ್ತನೇ ಇನ್ನಿಂಗ್ಸಿಗೆ ಮ್ಯಾನೇಜರ್ ಅವನನ್ನು ಫೀಲ್ಡಿಂಗಿಗೆ ಕಳಿಸಿ, ಅವನು ತನ್ನ ಜಾಗಕ್ಕೆ ಹೋದ ಕೂಡಲೇ ಬದಲಿ ಆಟಗಾರನನ್ನು ಅಟ್ಟಿದ, ವಾಪಸು ಓಡಿ ಬರುವಾಗಲಾದರೂ ಎತ್ತಿಯಾನು ಎಂದು. ಎತ್ತಲಿಲ್ಲ. ಊರಿನ ಪತ್ರಿಕೆಯವರ ಮೇಲೂ ಗ್ಯಾಲರಿಯಲ್ಲಿ ಕೂತು ಬೈಯುವವರ ಮೇಲೂ ಅವನಿಗೆ ಹಳೆಯ ಸಿಟ್ಟು. ಆ ಪ್ರೇಕ್ಷಕರಲ್ಲಿ ಇಪ್ಪತ್ತೆಂಟು ವರ್ಷದ ಕಥೆಗಾರ ಜಾನ್ ಅಪ್‌ಡೈಕ್ ಕೂಡ ಇದ್ದ. ಮುಂದಿನ ತಿಂಗಳು ನ್ಯೂಯಾರ್ಕರ್ ಪತ್ರಿಕೆಯಲ್ಲಿ ಆ ಮಧ್ಯಾಹ್ನದ ಬಗ್ಗೆ ಬರೆದ ಪ್ರಬಂಧ ಆಟದ ಬಗ್ಗೆ ಅಮೆರಿಕದಲ್ಲಿ ಬಂದಿರುವ ಅತ್ಯುತ್ತಮ ಬರಹಗಳಲ್ಲೊಂದು ಎನ್ನುತ್ತಾರೆ. ಓದಿ ನೋಡಿ.

ಈ ಕಥೆ ಮುಗಿಯುವ ಹೊತ್ತಿಗೆ ಪಕ್ಕದ ಟೀವಿಯಲ್ಲಿ ಏನೋ ಎಡವಟ್ಟಾಗಿತ್ತು. 7–0 ಇದ್ದದ್ದು 7–6. ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, ಎರಡು ಸ್ಟ್ರೈಕ್, ಇನ್ನೊಂದೇ ಸ್ಟ್ರೈಕಿಗೆ ಟ್ಯಾಂಪಾ ಕಥೆ ಮುಗಿಯಬೇಕು. ಆಗ ಡ್ಯಾನ್ ಜಾನ್ಸನ್ ಎಂಬ, ಆ ವರ್ಷ .108 ಆವರೇಜಿನಲ್ಲಿ ತೆವಳುತ್ತಿದ್ದ ಆಸಾಮಿ ಹೋಮ್ ರನ್ ಹೊಡೆದು ಸಮ ಮಾಡಿದ. ಬಾರು ಮೌನ. ಮಳೆ ನಿಂತು ಬಾಲ್ಟಿಮೋರ್ ಪಂದ್ಯ ಮತ್ತೆ ಶುರುವಾಗಿತ್ತು. ಅಲ್ಲೂ ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, ಬಾಸ್ಟನ್ನಿನ ಪ್ಯಾಪಲ್‌ಬಾನ್ ಕೈಯಲ್ಲಿ ಚೆಂಡು, ಇನ್ನೊಂದೇ ಸ್ಟ್ರೈಕ್ ಬೇಕು. ಡಬಲ್. ಇನ್ನೊಂದು ಡಬಲ್. 3–3. ಆಮೇಲೆ ರಾಬರ್ಟ್ ಆಂಡಿನೊ ಹೊಡೆದ ಚೆಂಡಿಗೆ ಕಾರ್ಲ್ ಕ್ರಾಫರ್ಡ್ ಜಾರಿ ಕೈ ಚಾಚಿದ, ಗ್ಲವ್ಸಿಗೆ ತಗುಲಿ ಕೆಳಗೆ ಬಿತ್ತು. 4–3. ಮೂರು ನಿಮಿಷಕ್ಕೆ ಪಕ್ಕದ ಟೀವಿಯಲ್ಲಿ ಇವಾನ್ ಲಾಂಗೋರಿಯಾ ಎಡಮೂಲೆಯ ಗಿಡ್ಡ ಗೋಡೆಯ ಮೇಲಿಂದ ಚೆಂಡು ದಾಟಿಸಿದ. ಬಾಸ್ಟನ್ ಸೀಸನ್ ಅಲ್ಲಿಗೆ ಮುಗಿಯಿತು. ಯಾರೂ ಬಯ್ಯಲಿಲ್ಲ, ಗ್ಲಾಸು ಒಡೆಯಲಿಲ್ಲ. ಒಬ್ಬೊಬ್ಬರೇ ಕೋಟು ಹಾಕಿಕೊಂಡು ಹೊರಟರು.

ನಾನು ರೂಮಿಗೆ ನಡೆಯುತ್ತಾ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಹತ್ತು ದಾಟಿತ್ತು. ಅಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದು ಅದೇ ಮೇನಲ್ಲಿ ರಿಟೈರ್ ಆಗಿದ್ದರು. ಕ್ರಿಕೆಟ್ ಹುಚ್ಚು, ಪೇಪರಿನ 'ಇತಿಹಾಸದಲ್ಲಿ ಈ ದಿನ' ಮೊದಲು ಓದಿ ಆಮೇಲೆ ಮುಖಪುಟಕ್ಕೆ ಬರುವವರು. ಅವರಿಗೆ ಇಡೀ ಕಥೆ ಹೇಳಿದೆ. ನಡುವೆ ಒಂದು ಅನುಮಾನವನ್ನೂ ಹೇಳಿದೆ: ಆಂಡಿನೊ ಹೊಡೆದದ್ದು ರಾತ್ರಿ 12.02ಕ್ಕೆ, ಲಾಂಗೋರಿಯಾ 12.05ಕ್ಕೆ, ಗಡಿಯಾರದ ಪ್ರಕಾರ ಅದು 29 ಆಗಲಿಲ್ಲವೇ? ಅಪ್ಪ ನಕ್ಕರು. "ಸೂರ್ಯ ಹುಟ್ಟೋವರೆಗೂ ಹಿಂದಿನ ದಿನವೇ ಕಣೋ. ಪಂಚಾಂಗ ನೋಡು. ನಿಮ್ಮಮ್ಮ ಪಾಡ್ಯದ ದಿನ ಬೊಂಬೆ ಕೂರಿಸಿದಳು, ನಿನಗಿನ್ನೂ ಅದೇ ಪಾಡ್ಯ."

ಆಮೇಲೆ .39955ರ ವಿಷಯಕ್ಕೆ ಬಂದರು. "ಬ್ರಾಡ್ಮನ್‌ಗೆ ಕೊನೇ ಇನ್ನಿಂಗ್ಸಲ್ಲಿ ನಾಲ್ಕೇ ನಾಲ್ಕು ರನ್ ಬೇಕಿತ್ತು, ಸೊನ್ನೆಗೆ ಬೌಲ್ಡ್. 99.94. ಯಾರಾದ್ರೂ ಅದನ್ನ ನೂರು ಅಂತ ಬರೆದಿದಾರೇನೋ?" ಎಂದರು. ಅಪ್ಪನಿಗೆ ನನ್ನ ವರದಿಯ ವಿಷಯ ಗೊತ್ತಿರಲಿಲ್ಲ. ಅವರ ಕೌಂಟರಿನಲ್ಲಿ ದಿನದ ಕೊನೆಗೆ ಐದು ರೂಪಾಯಿ ಕಡಿಮೆ ಬಂದರೂ ಜೇಬಿನಿಂದ ಹಾಕಬೇಕಿತ್ತು. ನಾನು, ನಿದ್ದೆ ಬರ್ತಿದೆ ಎಂದು ಫೋನ್ ಇಟ್ಟೆ.

ಗೋ-ಲೈವ್ ಆಯಿತು. ಎರಡನೇ ವಾರ ಕೆಲವು ಗ್ರಾಹಕರ ಖಾತೆಯಿಂದ ಒಂದೇ ತಿಂಗಳ ಪ್ರೀಮಿಯಂ ಎರಡು ಸಲ ಕಡಿತವಾಯಿತು. ಪಾಸಾಗದೇ ಉಳಿದಿದ್ದ ಕೇಸುಗಳಲ್ಲೇ ಒಂದು. ದುಡ್ಡು ವಾಪಸು ಕೊಟ್ಟರು, ಮಹಾ ಅನಾಹುತವೇನೂ ಆಗಲಿಲ್ಲ. ಆದರೆ ಯಾಕಾಯಿತು ಎಂಬುದಕ್ಕೆ ಒಂದು ಕಾಲ್ ಇಟ್ಟರು. ನಮ್ಮ ಕಡೆಯಿಂದ ಕೊಟ್ಟ ಕಾರಣ, ಟೆಸ್ಟಿಂಗಿನಲ್ಲಿ ಲೋಪ. ಕಲಬುರಗಿಯ ಹುಡುಗನ ಹೆಸರು ಬಂತು. ಅವನನ್ನು ಪ್ರಾಜೆಕ್ಟಿನಿಂದ ತೆಗೆದು ಬೆಂಚಿಗೆ ಹಾಕಿದರು. ನಾಲ್ಕು ತಿಂಗಳು ಕಾದು ಬಿಟ್ಟು ಹೋದ. ಆ ಕಾಲ್‌ನಲ್ಲಿ ನಾನು ಇದ್ದೆ. ಐವತ್ತು ನಿಮಿಷ, ಮ್ಯೂಟ್‌ನಲ್ಲಿ. ಆ ವರ್ಷ ನನಗೆ ಒಳ್ಳೆಯ ರೇಟಿಂಗ್ ಬಂತು.

ಇದನ್ನೆಲ್ಲ ಮರೆತಿದ್ದೆ ಅಂದರೆ ಸುಳ್ಳು. ಆದರೆ ಕೆಲಸ, ಮದುವೆ, ವಾಕಡ್‌ನಲ್ಲಿ ಫ್ಲ್ಯಾಟ್, ಇಎಂಐ ಇವುಗಳ ಕೆಳಗೆ ಎಲ್ಲೋ ಇತ್ತು. 2023ರ ಸೆಪ್ಟೆಂಬರ್‌ನಲ್ಲಿ ಬೇರೊಂದು ಕಂಪನಿಯಿಂದ, ಈಗ ವರದಿಗಳಿಗೆ ಸಹಿ ಹಾಕುವ ಜಾಗದಲ್ಲಿರುವವನಾಗಿ, ಒಂದು ವಾರಕ್ಕೆ ಬಾಸ್ಟನ್ನಿಗೆ ಹೋಗಬೇಕಾಯಿತು. ಗುರುವಾರ ಅರ್ಧ ದಿನ ಬಿಡುವು. ತಾರೀಕು ನೋಡಿದರೆ 28.

ವಿಮಾನದಲ್ಲಿ ಕೂತು ಆ ತಾರೀಕಿನ ಪಟ್ಟಿ ಮಾಡಿಕೊಂಡಿದ್ದೆ, ಅಪ್ಪನ ಚಾಳಿ. 1920ರ ಸೆಪ್ಟೆಂಬರ್ 28ರಂದು ಶಿಕಾಗೋದಲ್ಲಿ ಎಡ್ಡಿ ಸಿಕಾಟ್ ಎಂಬ ಪಿಚರ್, ಹಿಂದಿನ ವರ್ಷದ ವರ್ಲ್ಡ್ ಸೀರೀಸ್ ಸೋಲಲು ದುಡ್ಡು ತಿಂದದ್ದನ್ನು ಗ್ರ್ಯಾಂಡ್ ಜ್ಯೂರಿ ಮುಂದೆ ಒಪ್ಪಿಕೊಂಡ. ಅಂದೇ ಎಂಟು ಆಟಗಾರರ ಮೇಲೆ ಆರೋಪ ಹೊರಿಸಿದರು. ಕೋರ್ಟು ಮುಂದೆ ಬಿಟ್ಟಿತು, ಆಟ ಬಿಡಲಿಲ್ಲ, ಎಂಟೂ ಜನಕ್ಕೆ ಆಜೀವ ನಿಷೇಧ. 1938ರಲ್ಲಿ ಅದೇ ಊರಿನ, ಆಗಿನ್ನೂ ದೀಪಗಳಿಲ್ಲದ ರಿಗ್ಲಿ ಫೀಲ್ಡಿನಲ್ಲಿ, ಕತ್ತಲಾಯಿತು ಇನ್ನು ಸಾಕು ಅನ್ನುವ ಹೊತ್ತಿಗೆ ಗ್ಯಾಬಿ ಹಾರ್ಟ್‌ನೆಟ್ ಹೊಡೆದ ಹೋಮ್ ರನ್ ಪಿಟ್ಸ್‌ಬರ್ಗನ್ನು ಮೊದಲ ಸ್ಥಾನದಿಂದ ಕೆಳಗಿಳಿಸಿತು. 2008ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನ ಕೊನೆಯ ಪಂದ್ಯ. 2022ರಲ್ಲಿ ಆರನ್ ಜಡ್ಜ್‌ನ ಅರವತ್ತೊಂದನೇ ಹೋಮ್ ರನ್.

ಪಟ್ಟಿಯಲ್ಲಿ ನನಗೆ ಇಷ್ಟವಾದದ್ದು 1951. ಯಾಂಕೀ ಸ್ಟೇಡಿಯಂ, ಆಲಿ ರೆನಾಲ್ಡ್ಸ್ ಬಾಸ್ಟನ್ ವಿರುದ್ಧ ಒಂದೂ ಹಿಟ್ ಕೊಡದೆ ಎಸೆಯುತ್ತಿದ್ದಾನೆ. ಇನ್ನೊಂದು ಔಟ್ ಬೇಕು, ಎದುರಿಗೆ ಮತ್ತೆ ಅದೇ ವಿಲಿಯಮ್ಸ್. ಚೆಂಡು ನೆಟ್ಟಗೆ ಮೇಲಕ್ಕೆ ಹೋಯಿತು. ಸುಲಭದ ಕ್ಯಾಚು, ಯೋಗಿ ಬೆರಾ ಬಿಟ್ಟುಬಿಟ್ಟ. ಮುಂದಿನ ಎಸೆತಕ್ಕೆ ವಿಲಿಯಮ್ಸ್ ಮತ್ತೆ ಹಾಗೆಯೇ, ಹೆಚ್ಚುಕಡಿಮೆ ಅದೇ ಜಾಗಕ್ಕೆ ಹೊಡೆದ. ಈ ಸಲ ಬೆರಾ ಹಿಡಿದ. ಇಂಥ ಎರಡನೇ ಚೆಂಡು ಎಲ್ಲರಿಗೂ ಬರುವುದಿಲ್ಲ.

ಗ್ರೀನ್ ಲೈನ್ ರೈಲಿನಲ್ಲಿ ಕೆನ್ಮೋರ್ ಸ್ಟೇಷನ್‌ಗೆ ಇಳಿದೆ. ಮೇಲೆ ಬಂದರೆ ಸಿಟ್ಗೋ ಪೆಟ್ರೋಲಿನ ದೊಡ್ಡ ತ್ರಿಕೋನದ ಬೋರ್ಡು, ಸೇತುವೆ ದಾಟಿದರೆ ಫೆನ್‌ವೇ. ದೂರದಿಂದ ನೋಡಿದರೆ ಸ್ಟೇಡಿಯಂ ಅನ್ನಿಸುವುದಿಲ್ಲ, ಇಟ್ಟಿಗೆಯ ಹಳೇ ಗೋಡೌನಿನಂತಿದೆ. ಮುಂದಿನ ಬೀದಿಗೆ ಜರ್ಸಿ ಸ್ಟ್ರೀಟ್ ಎಂಬ ಹಳೆಯ ಹೆಸರು ವಾಪಸು ಬಂದಿತ್ತು. 2011ರಲ್ಲಿ ಅದು ತಂಡದ ಹಳೇ ಮಾಲೀಕ ಟಾಮ್ ಯಾಕಿ ಹೆಸರಿನಲ್ಲಿತ್ತು. ದೊಡ್ಡ ಲೀಗ್ ತಂಡಗಳಲ್ಲಿ ಎಲ್ಲಕ್ಕಿಂತ ಕೊನೆಗೆ, 1959ರಲ್ಲಿ, ಪಂಪ್ಸಿ ಗ್ರೀನ್ ಎಂಬ ಕರಿಯ ಆಟಗಾರನನ್ನು ಇಳಿಸಿದ ತಂಡ ಇದು. ಆ ವಿಳಂಬದ ನೆನಪಿಗೆ 2018ರಲ್ಲಿ ಬೀದಿಯ ಹೆಸರು ಬದಲಾಯಿಸಿದರು. ಅರವತ್ತು ವರ್ಷ ತಡ.

ಅವತ್ತು ಪಂದ್ಯವಿರಲಿಲ್ಲ, ತಂಡ ಮತ್ತೆ ಬಾಲ್ಟಿಮೋರ್‌ನಲ್ಲೇ ಇತ್ತು. ಟೂರ್ ಟಿಕೆಟ್ ತೆಗೆದುಕೊಂಡು ಹತ್ತಿಪ್ಪತ್ತು ಜನರ ಗುಂಪಿನಲ್ಲಿ ಒಳಗೆ ಹೋದೆ. ಖಾಲಿ ಅಂಗಳದ ಹಸಿರು ಕಣ್ಣಿಗೆ ಹೊಡೆಯುತ್ತದೆ. ಎಡಗಡೆ ಗ್ರೀನ್ ಮಾನ್‌ಸ್ಟರ್ ಎಂಬ 37 ಅಡಿ ಎತ್ತರದ ಗೋಡೆ. ಅದರ ಬುಡದಲ್ಲಿ ಇವತ್ತಿಗೂ ಕೈಯಿಂದ ಅಂಕಿಯ ಹಲಗೆ ಬದಲಾಯಿಸುವ ಸ್ಕೋರ್‌ಬೋರ್ಡು. ಆ ಬೋರ್ಡಿನ ಬಿಳಿ ಗೆರೆಗಳ ಮೇಲೆ ಚುಕ್ಕೆ ಮತ್ತು ಅಡ್ಡಗೆರೆಗಳಿವೆ, ಯಾಕಿ ದಂಪತಿಯ ಹೆಸರಿನ ಮೊದಲಕ್ಷರಗಳು ಮೋರ್ಸ್ ಲಿಪಿಯಲ್ಲಿ. ಗೈಡ್ ಅದನ್ನು ಹೇಳುವ ಮೊದಲೇ ಅಪ್ಪನಿಗೆ ವಿಡಿಯೋ ಕಾಲ್ ಹಚ್ಚಿದ್ದೆ. ಸ್ಟೇಷನ್ನಿನ ಹಳೇ ಟೆಲಿಗ್ರಾಫಿನ ಕಾಲದವರಿಂದ ಹುಡುಗಾಟಕ್ಕೆ ಕಲಿತ ಮೋರ್ಸು ಎಪ್ಪತ್ತೆರಡರಲ್ಲೂ ನೆನಪಿತ್ತು. ಫೋನನ್ನು ಕಣ್ಣಿಗೆ ಒತ್ತಿಕೊಂಡು, "ಟಿ... ಎ... ಇದೇನು, ವೈ ಇರಬೇಕು" ಅಂದರು. ಗುಂಪಿನಲ್ಲಿದ್ದ ಇಬ್ಬರು ಚಪ್ಪಾಳೆ ತಟ್ಟಿದರು. ಅದನ್ನಿಡುವಷ್ಟರಲ್ಲಿ ಪುಣೆಯಿಂದ ಹೆಂಡತಿಯ ಕರೆ. ಅನಂತ ಚತುರ್ದಶಿ, ವಿಸರ್ಜನೆಯ ಮೆರವಣಿಗೆ, ಢೋಲ್ ತಾಷಾದ ಅಬ್ಬರದಲ್ಲಿ ಅವಳು ಹೇಳಿದ್ದೊಂದೂ ಕೇಳಲಿಲ್ಲ. ಮಗಳು ಅವಳ ಹೆಗಲ ಮೇಲೆ ಕೂತು ಕೈ ಬೀಸುತ್ತಿದ್ದಳು.

ಗ್ರ್ಯಾಂಡ್‌ಸ್ಟ್ಯಾಂಡಿನ ನೀಲಿ ಬಣ್ಣದ ಮರದ ಕುರ್ಚಿಗಳು ಇಕ್ಕಟ್ಟು. ಮೊಣಕಾಲು ಮುಂದಿನ ಸಾಲಿಗೆ ತಾಗುತ್ತದೆ. ಅಲ್ಲಿಂದ ಗೈಡ್ ಎದುರಿಗೆ ಬಲಮೂಲೆಯತ್ತ ಕೈ ತೋರಿಸಿದ. ಸಾವಿರಾರು ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು. 1946ರ ಜೂನ್ 9ರಂದು ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ಹಾರಿ ಅಲ್ಲಿ ಕೂತಿದ್ದವನ ಹುಲ್ಲಿನ ಟೋಪಿ ತೂತು ಮಾಡಿದ ಜಾಗ. ನಂತರದ ಕೆಲವು ಆಟಗಾರರು ಇದು ಸಾಧ್ಯವೇ ಇಲ್ಲ ಎಂದು ವಾದಿಸಿದ್ದಾರೆ. ಅಷ್ಟು ದೂರ ನೋಡಿದರೆ ನನಗೂ ಹಾಗೇ ಅನ್ನಿಸಿತು.

ಆಮೇಲೆ ಗೈಡ್ ಟೋಪಿಯ ವಿಷಯ ಹೇಳಿದ. 1991ರ ಮೇ ತಿಂಗಳಲ್ಲಿ, .406ರ ಐವತ್ತನೇ ವರ್ಷಕ್ಕೆ, ವಿಲಿಯಮ್ಸ್‌ನನ್ನು ಈ ಅಂಗಳಕ್ಕೆ ಕರೆದಿದ್ದರು. ಎಪ್ಪತ್ತೆರಡರ ಮುದುಕ. ಭಾಷಣದ ನಡುವೆ ಜಾಕೆಟ್ಟಿನ ಒಳಗಿಂದ ರೆಡ್ ಸಾಕ್ಸ್ ಟೋಪಿ ತೆಗೆದು, ಜನರತ್ತ ಎತ್ತಿದ. 1960ರಲ್ಲಿ ಎತ್ತದೇ ಹೋದದ್ದು.

.406 ಅಂದೆ. ಅಲ್ಲೇ ಫೋನಿನಲ್ಲಿ ಭಾಗಿಸಿ ನೋಡಿದೆ. 456ಕ್ಕೆ 185 ಅಂದರೆ .4057. ಅದೂ ಮೇಲಕ್ಕೆ ತಳ್ಳಿದ ಸಂಖ್ಯೆಯೇ! ಹನ್ನೆರಡು ವರ್ಷ ಇದನ್ನು ಗಮನಿಸಿರಲಿಲ್ಲ. ನಗು ಬಂತು. ಅವನು ಅದಕ್ಕೆ ಬೇಕಾದ ಎಂಟು ಸರದಿ ನಿಂತಿದ್ದ, ಅಷ್ಟೇ ವ್ಯತ್ಯಾಸ.

ಗುಂಪು ಮುಂದೆ ಹೋಯಿತು. ನಾನು ಆ ಇಕ್ಕಟ್ಟು ಕುರ್ಚಿಯಲ್ಲೇ ಕೂತು ಕಲಬುರಗಿಯ ಹುಡುಗನನ್ನು ಹುಡುಕಿದೆ. ಹುಡುಗ ಏನು, ಅವನಿಗೂ ಮೂವತ್ತನಾಲ್ಕು. ಹೈದರಾಬಾದಿನಲ್ಲಿದ್ದಾನೆ, ಪ್ರೊಫೈಲ್ ಫೋಟೋದಲ್ಲಿ ತಲೆ ಸ್ವಲ್ಪ ಬೋಳಾಗಿದೆ. ಕನ್ನಡದಲ್ಲೇ ಟೈಪ್ ಮಾಡಿದೆ. 2011ರಲ್ಲಿ 94.6 ಅನ್ನು 95 ಎಂದು ಬರೆದದ್ದು ನಾನು, ನೀವು ಬೇಡ ಅಂದಿದ್ದಿರಿ, ಆಮೇಲಿನ ಕಾಲ್‌ನಲ್ಲಿ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ, ತಪ್ಪಾಯಿತು. ನಾಲ್ಕು ಸಾಲು. ಅಳಿಸಿ ಬರೆದು ಅಳಿಸಿ ಬರೆದು ಇಪ್ಪತ್ತು ನಿಮಿಷವಾಯಿತು. ಟೂರ್ ತಪ್ಪಿಹೋಗಿ, ಕಾವಲಿನವನು ಬಂದು ಎಬ್ಬಿಸಿದ.

ಹೊರಗೆ ಬಿ ಗೇಟಿನ ಹತ್ತಿರ ವಿಲಿಯಮ್ಸ್‌ನ ಕಂಚಿನ ಪ್ರತಿಮೆಯಿದೆ. ಭುಜದ ಮೇಲೆ ಬ್ಯಾಟು, ಎದುರಿಗೊಬ್ಬ ಪುಟ್ಟ ಹುಡುಗ, ಅವನ ತಲೆಗೆ ತನ್ನ ಟೋಪಿ ಹಾಕುತ್ತಿದ್ದಾನೆ. ಕ್ಯಾನ್ಸರ್ ಬಂದ ಮಕ್ಕಳಿಗಾಗಿ ದುಡ್ಡು ಕೂಡಿಸುವ ಜಿಮ್ಮಿ ಫಂಡಿಗೆ ಅವನು ಬದುಕಿಡೀ ದುಡಿದದ್ದರ ನೆನಪು. ಜನರಿಗೆ ಎತ್ತದ ಟೋಪಿಯನ್ನು ಮಕ್ಕಳಿಗೆ ಕೊಟ್ಟ ಹಾಗೆ ಮಾಡಿದ್ದಾರೆ ಶಿಲ್ಪಿ. ಪಕ್ಕದಲ್ಲಿ ಒಂದು ಸಾಸೇಜ್ ಗಾಡಿ. ಅದರ ಈರುಳ್ಳಿ ಹುರಿದ ವಾಸನೆಗೆ ಹಸಿವಾಯಿತು.

ಸಂಜೆ ಹೋಟೆಲಿನಲ್ಲಿ ಪಂದ್ಯ ಹಾಕಿದೆ. ಬಾಲ್ಟಿಮೋರ್ 2–0ರಿಂದ ಬಾಸ್ಟನ್ನನ್ನು ಸೋಲಿಸಿ ನೂರನೇ ಗೆಲುವು ಪಡೆದು ವಿಭಾಗದ ಚಾಂಪಿಯನ್ ಆಯಿತು. 2011ರದ್ದೇ ಅಂಗಳ, ಅದೇ ತಾರೀಕು. ಈ ಸಲ ಬಾಸ್ಟನ್‌ಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಆಗಲೇ ಕೊನೆಯ ಸ್ಥಾನಕ್ಕೆ ಬಂದಿತ್ತು.

ಉತ್ತರ ಬಂದದ್ದು ಬೆಳಗಿನ ಜಾವ ನಾಲ್ಕಕ್ಕೆ. ಸೂರ್ಯ ಹುಟ್ಟಿರಲಿಲ್ಲ. ಅಪ್ಪನ ಲೆಕ್ಕದಲ್ಲಿ ಇನ್ನೂ 28.

"ಸರ್, ನಮಸ್ಕಾರ್ರೀ. ಆವಾಗ ಭಾಳ ಬ್ಯಾಸ್ರ ಆಗಿತ್ತು. ಮನ್ಯಾಗ ಹೇಳ್ಲಿಕ್ಕೂ ಆಗ್ಲಿಲ್ಲ, ಅಪ್ಪ ಊರೆಲ್ಲ ಹೇಳ್ಕೊಂಡು ತಿರುಗಿದ್ರು ಮಗ ದೊಡ್ಡ ಕಂಪನಿಯಾಗ ಇದ್ದಾನ ಅಂತ. ಈಗ ಆರಾಮ ಇದ್ದೀನ್ರಿ."

ಎರಡು ನಿಮಿಷ ಬಿಟ್ಟು ಇನ್ನೊಂದು ಬಂತು.

"ಒಂದು ಮಾತ್ರೀ. ಅದು 94.6 ಅಲ್ಲ. 368ರಾಗ 348. ಅಂದ್ರ 94.57. ನೀವು ನನಗ ಫೋನ್ ಮಾಡೂದ್ರಾಗನ ಒಮ್ಮೆ ರೌಂಡ್ ಮಾಡಿದ್ರಿ."

ಕ್ಯಾಲ್ಕುಲೇಟರ್ ತೆಗೆದು ನೋಡಿದೆ. ಸರಿಯಾಗಿತ್ತು.